ಪುಣೆ, ಮುಂಬೈಗೆ ವರ್ಗವಾದಾಗ ಮಕ್ಕಳ ಶಾಲೆ: ಮೊದಲು ಸೀಟು, ಆಮೇಲೆ ಮನೆ

[ತೆರೆಯ ಮೇಲೆ: ಹಿಂಜವಡಿಯ ರಸ್ತೆಯಲ್ಲಿ ಬೆಳಗಿನ ಶಾಲಾ ಬಸ್ಸುಗಳ ಸಾಲು]

ವೀಕ್ಷಕರಿಗೆ ನಮಸ್ಕಾರ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಪುಣೆ, ಮುಂಬೈಗೆ ವರ್ಗವಾಗಿ ಬರುವ ಕುಟುಂಬಗಳು ಸಾಮಾನ್ಯವಾಗಿ ಕಚೇರಿಯ ಹತ್ತಿರ ಮನೆ ಹಿಡಿದು, ಮುಂಗಡ ಕೊಟ್ಟು, ಆಮೇಲೆ ಶಾಲೆ ಹುಡುಕಲು ಹೊರಡುತ್ತವೆ. ಮಕ್ಕಳಿರುವವರು ಈ ಕ್ರಮವನ್ನು ತಿರುಗಿಸಿಕೊಳ್ಳುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಮನೆ ಪುಣೆಯ ಹಿಂಜವಡಿಯಲ್ಲಿದ್ದು ಸೀಟು ಅದೇ ಊರಿನ ದೂರದ ಬಡಾವಣೆ ಕೋಥರೂಡಿನಲ್ಲಿ ಸಿಕ್ಕರೆ, ಆ ವಾಹನದಟ್ಟಣೆಯಲ್ಲಿ ದಿನಕ್ಕೆರಡು ಸಲ ಕುಳಿತು ಬಳಲಬೇಕಾದದ್ದು ಮಗು.

ಹುಡುಕಾಟಕ್ಕೆ ಮೊದಲು ಯಾವ ಶಿಕ್ಷಣ ಮಂಡಳಿ (ಬೋರ್ಡ್) ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲ್ ಹೊತ್ತಿಗೆ ಆರಂಭವಾಗುತ್ತದೆ; ಇಲ್ಲಿಯವರು ಎಸ್‌ಎಸ್‌ಸಿ ಎಂದು ಕರೆಯುವ ರಾಜ್ಯ ಮಂಡಳಿಯ ಶಾಲೆಗಳು ಸಾಮಾನ್ಯವಾಗಿ ಜೂನ್ ಮಧ್ಯದಲ್ಲಿ ತೆರೆಯುತ್ತವೆ. ಆದ್ದರಿಂದ ಮೇ ತಿಂಗಳಲ್ಲಿ ವರ್ಗಾವಣೆಯ ಆದೇಶ ಕೈಸೇರಿದವರಿಗೆ ರಾಜ್ಯ ಮಂಡಳಿಯ ಶಾಲೆಗಳಲ್ಲಿ ಇನ್ನೂ ಸಮಯವಿರುತ್ತದೆ, ಸಿಬಿಎಸ್‌ಇಯಲ್ಲಿ ಪಾಠಗಳೇ ಶುರುವಾಗಿರುತ್ತವೆ. ಸಿಬಿಎಸ್‌ಇಯಂಥ ಮಂಡಳಿಗಳಲ್ಲಿ ಒಂಬತ್ತನೇ ತರಗತಿಯಲ್ಲೇ ನೋಂದಣಿಯಾಗುವುದರಿಂದ ಹತ್ತನೇ ತರಗತಿಗೆ ಮಂಡಳಿ ಬದಲಿಸುವುದು ತೀರಾ ಕಷ್ಟ. ಅಂಥ ಮಗುವಿದ್ದರೆ ಕುಟುಂಬ ಒಂದು ವರ್ಷ ಊರಲ್ಲೇ ಉಳಿಯುವುದು ಜಾಣತನ.

ಚಿಕ್ಕ ಮಕ್ಕಳ ವಿಷಯದಲ್ಲಿ ವಯಸ್ಸಿನ ಲೆಕ್ಕ ಗೊಂದಲ ಮಾಡುತ್ತದೆ. ನಮ್ಮ ಎಲ್‌ಕೆಜಿ, ಯುಕೆಜಿಗಳನ್ನು ಇಲ್ಲಿ ಜೂನಿಯರ್ ಕೆಜಿ, ಸೀನಿಯರ್ ಕೆಜಿ ಎನ್ನುತ್ತಾರೆ. ಒಂದನೇ ತರಗತಿಗೆ ಕರ್ನಾಟಕದ ನಿಯಮ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆನ್ನುತ್ತದೆ (ನಡುವೆ ಸಡಿಲಿಕೆಯೂ ಬಂದದ್ದುಂಟು). ಮಹಾರಾಷ್ಟ್ರದ್ದು ಡಿಸೆಂಬರ್ 31. ಹೀಗಾಗಿ ಅಕ್ಟೋಬರಿನಲ್ಲಿ ಆರು ತುಂಬುವ ಮಗು ಅಲ್ಲಿ ಯುಕೆಜಿಗೆ, ಇಲ್ಲಿ ಒಂದನೇ ತರಗತಿಗೆ ಸೇರಬಹುದು. ಸೇರಬಹುದೆಂದ ಮಾತ್ರಕ್ಕೆ ಸೇರಿಸಲೇಬೇಕೆಂದೇನಿಲ್ಲ: ಎರಡು ವರ್ಷದಲ್ಲಿ ಮರಳಿ ಹೋಗುವವರು ಅಲ್ಲಿಯ ಲೆಕ್ಕವನ್ನೇ ಹಿಡಿದುಕೊಳ್ಳಲಿ.

[ತೆರೆಯ ಮೇಲೆ: ಬಾಡಿಗೆ ಕರಾರಿನ ಮೊದಲ ಪುಟ]

ಇನ್ನು ವಿಳಾಸದ ದಾಖಲೆ. ಕರ್ನಾಟಕದಲ್ಲಿ ಹನ್ನೊಂದು ತಿಂಗಳ ಕರಾರನ್ನು ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಮುದ್ರೆ ಹಾಕಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವ ರೂಢಿ ನಮ್ಮದು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನ ಪ್ರಕಾರ ಇಲ್ಲಿ ‘ಲೀವ್ ಆಂಡ್ ಲೈಸೆನ್ಸ್’ ಕರಾರು (ಇಲ್ಲಿ ಮನೆ ಬಾಡಿಗೆಗೆ ಮಾಡಿಕೊಳ್ಳುವ ಒಪ್ಪಂದ) ಎಷ್ಟೇ ಅವಧಿಯದಾದರೂ ನೋಂದಣಿಯಾಗಬೇಕು, ಆ ಹೊಣೆ ಮನೆ ಮಾಲೀಕರದು. ಶಾಲೆಯ ಕಿಟಕಿಯಲ್ಲಿ ಕೇಳುವುದು ಈ ನೋಂದಾಯಿತ ಪ್ರತಿಯನ್ನೇ. ಮನೆಗೆ ಮುನ್ನ ಸೀಟು ಎಂದ ನಾವೇ ಕರಾರನ್ನು ಕೇಳುತ್ತಿದ್ದೇವೆ ಎನಿಸಬಹುದು. ಶಾಲೆಯಲ್ಲಿ ಜಾಗವಿದೆಯೆಂದು ಖಚಿತಪಡಿಸಿಕೊಂಡು, ಕಂಪನಿಯ ವರ್ಗಾವಣೆ ಪತ್ರ ತೋರಿಸಿ, ಕರಾರು ಸಲ್ಲಿಸಲು ಕೆಲವು ದಿನಗಳ ಅವಕಾಶ ಕೇಳುವುದೇ ಇದಕ್ಕಿರುವ ದಾರಿ.

ಶುಲ್ಕದ ಜೊತೆಗೆ ದೇಣಿಗೆಯ ಮಾತೂ ಬರಬಹುದು. ಶಿಕ್ಷಣ ಹಕ್ಕು ಕಾಯ್ದೆ, 2009ರ 13ನೇ ಕಲಮು ಕ್ಯಾಪಿಟೇಶನ್ ಶುಲ್ಕವನ್ನೂ (ಶಾಲೆ ಪ್ರಕಟಿಸಿದ ಶುಲ್ಕದ ಹೊರತಾಗಿ ಪಡೆಯುವ ದೇಣಿಗೆ, ವಂತಿಗೆ), ಮಗು ಅಥವಾ ಪೋಷಕರನ್ನು ಸಂದರ್ಶಿಸಿ ಆಯ್ಕೆ ಮಾಡುವುದನ್ನೂ ನಿಷೇಧಿಸುತ್ತದೆ. ಅಂಥ ಶುಲ್ಕ ಪಡೆದರೆ ಅದರ ಹತ್ತು ಪಟ್ಟಿನವರೆಗೆ ದಂಡವಿದೆ. ರಸೀದಿ ಕೊಡದ ಹಣವನ್ನು ಕಟ್ಟಬೇಡಿ.

ಮರಾಠಿಯ ಬಗ್ಗೆ ಒಂದು ಮಾತು. 2020ರ ಕಾಯ್ದೆಯಂತೆ ರಾಜ್ಯದ ಎಲ್ಲ ಮಂಡಳಿಗಳ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಹಿಂದಿ ಕಲಿತ ಮಗುವಿಗೆ ಲಿಪಿ ಪರಿಚಿತವಾದ್ದರಿಂದ ಓದು ಬೇಗ ಹತ್ತುತ್ತದೆ, ವ್ಯಾಕರಣಕ್ಕೆ ಮಾತ್ರ ಸಮಯ ಬೇಕು. ಆರು, ಏಳನೇ ತರಗತಿಗೆ ಬಂದ ಮಕ್ಕಳಿಗೆ ಮೊದಲ ವರ್ಷ ಮನೆಪಾಠ ಬೇಕಾಗಬಹುದು. ಕನ್ನಡವೇ ಬೇಕೆನ್ನುವವರಿಗೂ ದಾರಿಯಿದೆ: ಮುಂಬೈ ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತ ಬಂದಿದೆ, ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯಿದೆ, ಪುಣೆಯಲ್ಲಿ ಕನ್ನಡ ಸಂಘವೇ ಶಾಲೆಗಳನ್ನು ನಡೆಸುತ್ತದೆ. ದಾಖಲಾತಿ ಬೇಡವಾದರೂ ಅಲ್ಲಿ ಹೋಗಿ ವಿಚಾರಿಸಿ. ಯಾವ ಬಡಾವಣೆಯ ಯಾವ ಶಾಲೆಯಲ್ಲಿ ಹೇಗೆ ಎಂಬುದು ಅಲ್ಲಿಯ ಪೋಷಕರಿಗೆ ಗೊತ್ತಿರುತ್ತದೆ.

[ತೆರೆಯ ಮೇಲೆ: ಟಿಸಿಯ ಮೇಲೆ ಬಿಇಒ ಮೊಹರು]

ಊರು ಬಿಡುವ ಮುನ್ನ ಹಳೆಯ ಶಾಲೆಯಲ್ಲಿ ಮಾಡಿಸಿಕೊಳ್ಳಬೇಕಾದ ಕೆಲಸಗಳೂ ಇವೆ. ಟಿಸಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುರುಜು ಹಾಕಿಸಿ. ಬೇರೆ ರಾಜ್ಯದ ಶಾಲೆಗಳು ಅದನ್ನು ಕೇಳುತ್ತವೆ. ಶಾಲೆ, ಮಕ್ಕಳ ವಿವರಗಳನ್ನಿಡುವ ಸರ್ಕಾರಿ ಯುಡೈಸ್ ತಂತ್ರಾಂಶದಲ್ಲಿ ಹಳೆಯ ಶಾಲೆಯವರು ಮಗುವಿನ ಹೆಸರನ್ನು ‘ಡ್ರಾಪ್‌ಬಾಕ್ಸ್’ಗೆ ಬಿಟ್ಟರೆ ಮಾತ್ರ ಹೊಸ ಶಾಲೆ ಅದನ್ನು ತನ್ನ ಪಟ್ಟಿಗೆ ಎಳೆದುಕೊಳ್ಳಬಲ್ಲದು, ಆದ್ದರಿಂದ ಮಗುವಿನ ಪೆನ್ (ಶಾಶ್ವತ ಶಿಕ್ಷಣ) ಸಂಖ್ಯೆ ಬರೆದುಕೊಂಡು, ಆ ಬದಲಾವಣೆಯಾಗಿದೆಯೇ ಎಂದು ಎದುರಿಗೇ ನೋಡಿಕೊಳ್ಳಿ. ಕೊನೆಯದಾಗಿ, ಕರ್ನಾಟಕದ ಸಿಇಟಿಯ ಸರ್ಕಾರಿ ಸೀಟಿಗೆ ಇರುವ ಅರ್ಹತೆಗಳಲ್ಲಿ ಮುಖ್ಯವಾದದ್ದು ರಾಜ್ಯದಲ್ಲಿ ಏಳು ವರ್ಷ ಓದಿರುವುದು. ಮಗು ಮುಂದೆ ಅಲ್ಲಿಗೇ ಮರಳುವ ಸಾಧ್ಯತೆಯಿದ್ದರೆ, ಈವರೆಗೆ ಓದಿದ ಪ್ರತಿ ವರ್ಷದ ವ್ಯಾಸಂಗ ಪ್ರಮಾಣಪತ್ರವನ್ನು ಬಿಇಒ ಅವರ ರುಜುವಿನೊಂದಿಗೆ ಈಗಲೇ ಪಡೆದಿಟ್ಟುಕೊಳ್ಳಿ. ಹತ್ತು ವರ್ಷ ಕಳೆದು ಮುಂಬೈಯಿಂದ ಹೋಗಿ ಕೇಳುವಷ್ಟರಲ್ಲಿ ಆ ಶಾಲೆಯೇ ಮುಚ್ಚಿರಬಹುದು.