ಏಳು ಬಣ್ಣಗಳ ನಗರದಲ್ಲಿ ಡಿಕ್ ಟ್ರೇಸಿ

ನಮಸ್ಕಾರ. ನನ್ನ ಮೇಜಿನ ಮೇಲೆ ಬಣ್ಣದ ಕಾಗದದ ಏಳು ತುಂಡುಗಳನ್ನು ಜೋಡಿಸಿ ಇಟ್ಟಿದ್ದೇನೆ. ಒಂದು ಇಡೀ ಮಹಾನಗರವನ್ನು, ಅದರ ಕಾರು, ಗೋಡೆ, ಕೋಟು, ಟೋಪಿ, ರಾತ್ರಿಯ ಆಕಾಶ ಎಲ್ಲವನ್ನೂ ಇಷ್ಟರೊಳಗೇ ಕಟ್ಟಬೇಕು ಎಂದು ಹಟ ಹಿಡಿದ ಚಿತ್ರವೊಂದಿದೆ. 1990ರ ಜೂನ್ 15ರಂದು ಅಮೆರಿಕದಲ್ಲಿ ತೆರೆಕಂಡ ‘ಡಿಕ್ ಟ್ರೇಸಿ’. ನಿರ್ಮಾಪಕ, ನಿರ್ದೇಶಕ, ನಾಯಕ, ಮೂರೂ ವಾರನ್ ಬೀಟಿ. ತಯಾರಿಕೆಗೆ ತಗುಲಿದ ವೆಚ್ಚ ಸುಮಾರು 4.6 ಕೋಟಿ ಡಾಲರ್. ಅಂದಿನ ಲೆಕ್ಕದಲ್ಲಿ ಅದು ಬಹಳ ದೊಡ್ಡ ಮೊತ್ತ. ಅಷ್ಟು ದುಡ್ಡು ಕೈಯಲ್ಲಿದ್ದವರು ಸಾಮಾನ್ಯವಾಗಿ ತೆರೆಯ ಮೇಲೆ ಎಲ್ಲವನ್ನೂ ಹೆಚ್ಚಿಸುತ್ತಾರೆ. ಇವರು ಆ ದುಡ್ಡನ್ನು ತೆರೆಯ ಮೇಲಿನದನ್ನು ಕಡಿಮೆ ಮಾಡುವುದಕ್ಕೆ ಸುರಿದರು. ನನಗೆ ಈ ಚಿತ್ರದ ಮೇಲೆ ಇಷ್ಟು ಪ್ರೀತಿ ಇರುವುದಕ್ಕೆ ಕಾರಣ ಅದೇ.

ಯಾಕೆ ಏಳೇ ಬಣ್ಣ ಎಂದು ತಿಳಿಯಬೇಕಾದರೆ ಹಳೆಯ ಪತ್ರಿಕೆಗಳ ಕಾಲಕ್ಕೆ ಹೋಗಬೇಕು. ಈ ಚಿತ್ರಕ್ಕೆ ಆಧಾರವಾದ ಪತ್ತೇದಾರಿ ಕಾಮಿಕ್ಸ್‌ನ ಸೃಷ್ಟಿಕರ್ತ ಚೆಸ್ಟರ್ ಗೌಲ್ಡ್ ಒಕ್ಲಹೋಮಾ ರಾಜ್ಯದ ಪಾನೀ ಎಂಬ ಊರಿನವರು, ಹುಟ್ಟಿದ್ದು 1900ರಲ್ಲಿ. ವ್ಯಂಗ್ಯಚಿತ್ರಕಾರನಾಗುವ ಆಸೆ ಹೊತ್ತು 1921ರಲ್ಲಿ ಶಿಕಾಗೋಗೆ ಬಂದರು. ಪತ್ರಿಕೆಯೊಂದರ ಒಡೆಯರಿಗೆ ಒಂದರ ಹಿಂದೆ ಒಂದು ಕಾಮಿಕ್ಸ್ ಕಲ್ಪನೆಗಳನ್ನು ಬರೆದು ಕಳುಹಿಸುತ್ತಲೇ ಇದ್ದರು. ಹತ್ತು ವರ್ಷ ಯಾವುದೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಮಫ್ತಿ ಪೊಲೀಸನೊಬ್ಬನ ಕಥೆ ಗೆದ್ದಿತು. ಡಿಕ್ ಎಂಬ ಹೆಸರನ್ನು ಸೂಚಿಸಿದವರು ಪತ್ರಿಕೆಯ ಒಡೆಯ ಜೋಸೆಫ್ ಮೆಡಿಲ್ ಪ್ಯಾಟರ್ಸನ್. 1931ರ ಅಕ್ಟೋಬರ್ 4ರಂದು ಮೊದಲ ಕಂತು ಅಚ್ಚಾಯಿತು. ಅದೇ ತಿಂಗಳ 17ರಂದು ಶಿಕಾಗೋದ ನ್ಯಾಯಾಲಯವೊಂದರಲ್ಲಿ ಕುಖ್ಯಾತ ದಂಧೆಕೋರ ಆಲ್ ಕಪೋನ್ ತೆರಿಗೆ ವಂಚನೆಯ ಅಪರಾಧಿ ಎಂದು ತೀರ್ಮಾನವಾಯಿತು. ಪಾನನಿಷೇಧದ ಕಾಲದ ಗುಂಡಿನ ಸದ್ದು, ಪೊಲೀಸರನ್ನೇ ಕೊಂಡುಕೊಂಡಿದ್ದ ದಂಧೆಕೋರರು, ಇವನ್ನೆಲ್ಲ ದಿನವೂ ಓದಿ ರೋಸಿಹೋಗಿದ್ದ ಜನರಿಗೆ ಲಂಚಕ್ಕೆ ಬಗ್ಗದ ಒಬ್ಬ ಪತ್ತೇದಾರ ಬೇಕಾಗಿದ್ದ. ಗೌಲ್ಡ್ ಅವನನ್ನು ಕೊಟ್ಟರು. ಚೂಪು ಮೂಗು, ಚೌಕ ಗದ್ದ, ಹಳದಿ ಕೋಟು.

ವಾರದ ದಿನಗಳಲ್ಲಿ ಕಪ್ಪು ಬಿಳುಪು, ಭಾನುವಾರ ಮಾತ್ರ ಬಣ್ಣದ ಪುರವಣಿ. ಆಗಿನ ಅಗ್ಗದ ಕಾಗದದ ಮೇಲೆ ನವಿರಾದ ಛಾಯೆಗಳು ನಿಲ್ಲುತ್ತಿರಲಿಲ್ಲ. ಕೆಂಪು ಎಂದರೆ ಅಂಚಿನಿಂದ ಅಂಚಿಗೆ ಒಂದೇ ಕೆಂಪು. ಅದಕ್ಕೆ ತಕ್ಕಂತೆ ಗೌಲ್ಡ್ ದಪ್ಪ ಕಪ್ಪು ಗೆರೆ, ಗಟ್ಟಿ ನೆರಳು, ದೂರದಿಂದಲೇ ಗುರುತಾಗುವ ಮುಖಗಳನ್ನು ಬರೆದರು. ಖಳರಿಗೆ ಅವರ ಮುಖವೇ ಹೆಸರು: ತಲೆ ಚಪ್ಪಟೆಯಾದವನು ಫ್ಲಾಟ್‌ಟಾಪ್, ಒಣಹಣ್ಣಿನಂತೆ ಸುಕ್ಕುಗಟ್ಟಿದವನು ಪ್ರೂನ್‌ಫೇಸ್. ಮಾತು ಗೊಣಗುವವನು ಮಂಬಲ್ಸ್.

ಈಗ ಈ ವಿಡಿಯೊದ ತೆರೆಯ ಮೇಲೆ ಕಾಣುತ್ತಿರುವುದು ನೇಪರ್‌ವಿಲ್. ಶಿಕಾಗೋದ ಪಶ್ಚಿಮಕ್ಕಿರುವ ಈ ಊರಿನಲ್ಲಿ ಡುಪೇಜ್ ನದಿಯ ದಂಡೆಯುದ್ದಕ್ಕೂ ನಡೆದಾಡುವ ದಾರಿಯಿದೆ. ಸುತ್ತಮುತ್ತ ನೆಲೆಸಿರುವ ನಮ್ಮ ಕನ್ನಡದ ಕುಟುಂಬಗಳಿಗೂ ಪರಿಚಿತ ಜಾಗ. ಆ ದಾರಿಯ ಬದಿಯಲ್ಲಿ ಆಳೆತ್ತರ ಮೀರಿ ನಿಂತಿರುವವನು ಟ್ರೇಸಿ. 2010ರಲ್ಲಿ ಸ್ಥಾಪನೆಯಾದ ಪ್ರತಿಮೆ. ಇದೇ ಊರಿನಲ್ಲಿದ್ದ ಡಿಕ್ ಲೋಚರ್ ಎಂಬ ಕಲಾವಿದ ಹಿಂದೆ ಗೌಲ್ಡ್ ಅವರ ಸಹಾಯಕರಾಗಿದ್ದವರು, 1983ರಿಂದ ಹಲವು ವರ್ಷ ಟ್ರೇಸಿಯನ್ನು ತಾವೇ ಬರೆದವರು. ಅದೇ ವರ್ಷ ರಾಜಕೀಯ ವ್ಯಂಗ್ಯಚಿತ್ರಗಳಿಗೆ ಪುಲಿಟ್ಜರ್ ಬಹುಮಾನ ಪಡೆದವರು ಕೂಡ. ಟ್ರೇಸಿಯ ಮಣಿಕಟ್ಟನ್ನು ಯಾವ ಚಿತ್ರದಲ್ಲಾದರೂ ಗಮನಿಸಿ. 1946ರ ಜನವರಿಯಲ್ಲೇ ಗೌಲ್ಡ್ ಅವನಿಗೆ ಕೈಗಡಿಯಾರದಂಥ ರೇಡಿಯೊ ಕೊಟ್ಟಿದ್ದರು, ಮಾತನಾಡುವುದಕ್ಕೂ ಕೇಳುವುದಕ್ಕೂ. ಇಂದು ನದಿಯ ದಂಡೆಯಲ್ಲಿ ಓಡುತ್ತಿರುವ ಅರ್ಧ ಜನರ ಕೈಯಲ್ಲಿ ಅಂಥದ್ದೇ ಒಂದಿದೆ.

ಇನ್ನು ಚಿತ್ರ. ಬೀಟಿಯ ಜಾಣತನವಿರುವುದು ಆರಿಸಿಕೊಂಡ ಜೊತೆಗಾರರಲ್ಲಿ. ಛಾಯಾಗ್ರಾಹಕ ವಿಟ್ಟೊರಿಯೊ ಸ್ಟೊರಾರೊ ಆ ಹೊತ್ತಿಗಾಗಲೇ ಮೂರು ಆಸ್ಕರ್ ಗೆದ್ದಿದ್ದ ಇಟಲಿಯ ದಿಗ್ಗಜ. ಕಲಾ ನಿರ್ದೇಶಕ ರಿಚರ್ಡ್ ಸಿಲ್ಬರ್ಟ್. ವಸ್ತ್ರ ವಿನ್ಯಾಸಕಿ ಮಿಲೇನಾ ಕನೊನೆರೊ. ಈ ಮೂವರೂ ಒಂದೇ ಶಿಸ್ತಿಗೆ ಒಳಪಟ್ಟರು. ಹಳದಿ ಎಂದರೆ ಒಂದೇ ಹಳದಿ. ಅದು ಟ್ರೇಸಿಯ ಕೋಟಿನಲ್ಲಿದ್ದರೂ ಅದೇ, ಟೋಪಿಯಲ್ಲಿದ್ದರೂ ಅದೇ. ಕಂದು, ಬೂದು, ತಿಳಿಗುಲಾಬಿ ಎಂದು ನಮ್ಮ ಕಣ್ಣಿಗೆ ಅಭ್ಯಾಸವಾಗಿರುವ ನಡುವಿನ ಛಾಯೆಗಳನ್ನೆಲ್ಲ ಹೊರಗಿಟ್ಟರು. ಸೆಟ್‌ನ ಬಾಗಿಲಿನಲ್ಲೇ ಅವನ್ನು ತಡೆದ ಹಾಗಿದೆ. ಸಹಜತೆಯನ್ನು ಬಿಟ್ಟುಕೊಡುವುದು ಕ್ಯಾಮೆರಾ ಹಿಡಿದವರಿಗೆ ಎಷ್ಟು ಕಷ್ಟ ಎಂಬುದನ್ನು ಚಿಕ್ಕದೊಂದು ವಿಡಿಯೊಗೆ ಬಣ್ಣ ಸರಿಪಡಿಸಲು ಕುಳಿತವರೂ ಬಲ್ಲರು.

ಕ್ಯಾಮೆರಾ ಕೂಡ ಬಹುಪಾಲು ನಿಂತಲ್ಲೇ ನಿಲ್ಲುತ್ತದೆ. ಪ್ರತಿಯೊಂದು ಚೌಕಟ್ಟು ಪತ್ರಿಕೆಯ ಒಂದು ಚೌಕ. ಪಾತ್ರಗಳು ಒಳಗೆ ಬರುತ್ತವೆ, ಮಾತು ಮುಗಿಸಿ ಹೋಗುತ್ತವೆ. ನಗರದ ದೂರದ ನೋಟಗಳನ್ನು, ಅಂದರೆ ಆ ಎತ್ತರದ ಕಟ್ಟಡಗಳು, ಸೇತುವೆಗಳು, ಚಂದ್ರನನ್ನು ಕಲಾವಿದರು ಗಾಜಿನ ಮೇಲೆ ಕುಂಚದಲ್ಲಿ ಬರೆದರು. ಹ್ಯಾರಿಸನ್ ಎಲೆನ್‌ಶಾ ಮತ್ತು ಮೈಕೆಲ್ ಲಾಯ್ಡ್ ಮುಂದಾಳತ್ವದಲ್ಲಿ 50ಕ್ಕೂ ಹೆಚ್ಚು ಇಂಥ ಚಿತ್ರಗಳು ತಯಾರಾದವು. ಸ್ಟುಡಿಯೊದಲ್ಲಿ ಕಟ್ಟಿದ ಬೀದಿಯಲ್ಲಿ ನಟರು ಓಡಾಡಿದ ದೃಶ್ಯವನ್ನು ಆ ವರ್ಣಚಿತ್ರದೊಳಗೆ ಕೂಡಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಕಂಪ್ಯೂಟರ್ ಬಂದು ಈ ಕೈಕಸುಬನ್ನು ಬದಿಗೆ ಸರಿಸಿತು. ಆದ್ದರಿಂದ ಚಿತ್ರದಲ್ಲಿ ನಗರ ಮೇಲಿನಿಂದ ಕಾಣುವಾಗಲೆಲ್ಲ ದಯವಿಟ್ಟು ಮುಂದಕ್ಕೆ ಓಡಿಸಬೇಡಿ. ಕೈಯಿಂದ ಬರೆದ ಅಂಥ ನಗರ ಹಾಲಿವುಡ್‌ನಲ್ಲಿ ಮತ್ತೆ ಹೆಚ್ಚು ಏಳಲಿಲ್ಲ.

ಮುಖಗಳ ಮಾತಿಗೆ ಬರೋಣ. ಜಾನ್ ಕ್ಯಾಗ್ಲಿಯೋನ್ ಮತ್ತು ಡಗ್ ಡ್ರೆಕ್ಸ್ಲರ್ ಗೌಲ್ಡ್ ಬರೆದ ವಿಕಾರಗಳನ್ನು ಹಗುರ ರಬ್ಬರಿನಲ್ಲಿ ಅಚ್ಚು ತೆಗೆದು ನಟರ ಮುಖಕ್ಕೆ ಅಂಟಿಸಿದರು. ಆಲ್ ಪಚೀನೊ ಇಲ್ಲಿ ದಂಧೆಕೋರರ ನಾಯಕ ಬಿಗ್ ಬಾಯ್ ಕ್ಯಾಪ್ರಿಸ್. ಗೂನುಬೆನ್ನು, ಉಬ್ಬಿದ ಗದ್ದ, ಬಾಯಿ ತೆರೆದರೆ ಗುಡುಗು. ಅಷ್ಟು ಮುಖವಾಡದ ಒಳಗಿಂದಲೂ ಅವರ ಹಸಿವು, ಸಿಟ್ಟು, ಅಸೂಯೆ ಹೊರಗೆ ಚಿಮ್ಮುತ್ತವೆ. ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಬಂತು. ಡಸ್ಟಿನ್ ಹಾಫ್‌ಮನ್ ಮಾಡಿದ ಮಂಬಲ್ಸ್‌ನ ವಿಚಾರಣೆಯ ದೃಶ್ಯವನ್ನು ಒಂದು ಸಲವಾದರೂ ನೋಡಲೇಬೇಕು. ಒಂದು ಅಕ್ಷರವೂ ಅರ್ಥವಾಗದಂತೆ ಮಾತನಾಡುತ್ತಲೇ ಭಯವನ್ನೂ ಮೊಂಡುತನವನ್ನೂ ನಮಗೆ ದಾಟಿಸುತ್ತಾರೆ.

ಇಷ್ಟು ವಿಕಾರ ಮುಖಗಳ ನಡುವೆ ಬೀಟಿ ತಮ್ಮದೇ ಮುಖದಲ್ಲಿದ್ದಾರೆ. ಟ್ರೇಸಿಯ ಆ ಪ್ರಸಿದ್ಧ ಚೂಪು ಮೂಗನ್ನು ಅಂಟಿಸಿಕೊಳ್ಳಲಿಲ್ಲ. ಇದನ್ನು ತಪ್ಪು ಎನ್ನುವವರು ಅನೇಕರು. ನಾನು ಒಪ್ಪುವುದಿಲ್ಲ. ಖಳರೆಲ್ಲ ವಿಕಾರವಾಗಿರುವ ಊರಿನಲ್ಲಿ ನಾಯಕ ಸಾದಾ ಮನುಷ್ಯನಂತೆ ಕಂಡರೆ ಮಾತ್ರ ಗೌಲ್ಡ್ ಹೇಳಲು ಹೊರಟದ್ದು ತೆರೆಯ ಮೇಲೆ ನಿಲ್ಲುತ್ತದೆ: ಇಲ್ಲಿ ಕೆಡುಕು ಮುಖದ ಮೇಲೆಯೇ ಕಾಣಬೇಕು.

ಕಥೆಯ ಬಗ್ಗೆ ನನಗೆ ನಿಜವಾದ ದೂರಿದೆ. ಫ್ಲಾಟ್‌ಟಾಪ್, ಪ್ರೂನ್‌ಫೇಸ್, ಮಂಬಲ್ಸ್ ಎಲ್ಲರೂ ಗೌಲ್ಡ್ 1940ರ ದಶಕದಲ್ಲಿ ಒಬ್ಬೊಬ್ಬರಾಗಿ ಸೃಷ್ಟಿಸಿದ ಖಳರು. ಒಬ್ಬೊಬ್ಬನ ಕಥೆ ತಿಂಗಳುಗಟ್ಟಲೆ ನಡೆಯುತ್ತಿತ್ತು. ಫ್ಲಾಟ್‌ಟಾಪ್ ಸತ್ತಾಗ ಓದುಗರು ದುಃಖಪಟ್ಟರು. ಒಬ್ಬ ಬಾಡಿಗೆ ಕೊಲೆಗಾರನಿಗಾಗಿ! ಚಿತ್ರದಲ್ಲಿ ಇವರೆಲ್ಲ ಒಂದೇ ಗುಂಪಿನಲ್ಲಿ ಬಂದು ಕೆಲವು ನಿಮಿಷಗಳಲ್ಲಿ ಸರಿದುಹೋಗುತ್ತಾರೆ. ಇಬ್ಬರನ್ನಷ್ಟೇ ಉಳಿಸಿಕೊಂಡು ಅವರಿಗೆ ಸಮಯ ಕೊಟ್ಟಿದ್ದರೆ ಪ್ರೇಕ್ಷಕರಿಗೂ ಒಬ್ಬ ಖಳನಿಗಾಗಿ ಮನಸ್ಸು ಕರಗಬಹುದಿತ್ತು. ಬಣ್ಣಗಳಲ್ಲಿ ತೋರಿದ ಸಂಯಮ ಪಾತ್ರಗಳ ಎಣಿಕೆಯಲ್ಲಿ ಕಾಣಲಿಲ್ಲ.

ಸಂಗೀತದಲ್ಲಿ ಮತ್ತೆ ಸಂತೋಷ. ಹಿನ್ನೆಲೆ ಸಂಗೀತ ಡ್ಯಾನಿ ಎಲ್ಫ್‌ಮನ್ ಅವರದು. ಹಾಡುಗಳು ರಂಗಸಂಗೀತದ ಸ್ಟೀಫನ್ ಸಾಂಡ್‌ಹೈಮ್ ಅವರವು. ಕ್ಲಬ್ ಗಾಯಕಿ ಬ್ರೆತ್‌ಲೆಸ್ ಮಹೋನಿಯಾಗಿ ಮಡೋನಾ, ಪಕ್ಕದಲ್ಲಿ ಪಿಯಾನೊ ನುಡಿಸುವವನ ಪಾತ್ರದಲ್ಲಿ ಮ್ಯಾಂಡಿ ಪಟಿಂಕಿನ್. ಈ ಪಾತ್ರದ ಹೆಸರು ‘88 ಕೀಸ್’, ಪಿಯಾನೊದಲ್ಲಿ ಬೆರಳಿನಿಂದ ಒತ್ತುವ ಮನೆಗಳು (ಕೀಸ್) ಕೂಡ ಅಷ್ಟೇ. ಮಡೋನಾ ಹಾಡಿದ ‘ಸೂನರ್ ಆರ್ ಲೇಟರ್’ ಹಾಡಿಗೆ, ಕಲಾ ನಿರ್ದೇಶನಕ್ಕೆ, ಪ್ರಸಾಧನಕ್ಕೆ, ಒಟ್ಟು ಮೂರು ಆಸ್ಕರ್ ಬಂದವು.

ಗಳಿಕೆ ಜಗತ್ತಿನಾದ್ಯಂತ ಸುಮಾರು 16 ಕೋಟಿ ಡಾಲರ್. ಸೋಲಲ್ಲ. ಆದರೆ ಹಿಂದಿನ ವರ್ಷ ‘ಬ್ಯಾಟ್‌ಮನ್’ ಗೆದ್ದ ರೀತಿಯನ್ನು ನೋಡಿ, ಚಿತ್ರವನ್ನು ಬಿಡುಗಡೆ ಮಾಡಿದ ಡಿಸ್ನಿ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಿತ್ತು. ಮಧ್ಯರಾತ್ರಿಯ ಮೊದಲ ಪ್ರದರ್ಶನಕ್ಕೆ ಟಿಕೆಟ್ ಬದಲು ಟೀ ಶರ್ಟ್ ಮಾರಿತ್ತು. 1991ರ ಜನವರಿಯಲ್ಲಿ ಸ್ಟುಡಿಯೊದ ಮುಖ್ಯಸ್ಥ ಜೆಫ್ರಿ ಕಾಟ್ಜೆನ್‌ಬರ್ಗ್ ಸಹೋದ್ಯೋಗಿಗಳಿಗೆ 28 ಪುಟಗಳ ಟಿಪ್ಪಣಿ ಬರೆದು, ಈ ಚಿತ್ರ ನುಂಗಿದ ಹಣ, ಸಮಯ, ಶ್ರಮಕ್ಕೆ ತಕ್ಕ ಫಲ ಸಿಗಲಿಲ್ಲ ಎಂದರು. ಲೆಕ್ಕದ ಪುಸ್ತಕದಲ್ಲಿ ಅದು ಸರಿ ಇರಬಹುದು. ಆದರೆ ಆ ಶ್ರಮ ತೆರೆಯ ಮೇಲೆ ಉಳಿದಿದೆ, ಅದನ್ನು ನಾವು ಈಗಲೂ ನೋಡುತ್ತಿದ್ದೇವೆ.

ಎರಡನೆಯ ಭಾಗ ಬರಲಿಲ್ಲ. ಪಾತ್ರದ ಹಕ್ಕು ಯಾರದು ಎಂದು ಬೀಟಿಗೂ ಟ್ರೇಸಿಯ ಕಾಮಿಕ್ಸ್ ಪ್ರಕಟಿಸುತ್ತಿದ್ದ ಟ್ರಿಬ್ಯೂನ್ ಸಂಸ್ಥೆಗೂ ವರ್ಷಗಟ್ಟಲೆ ವ್ಯಾಜ್ಯ ನಡೆದು, 2011ರಲ್ಲಿ ತೀರ್ಪು ಬೀಟಿಯ ಪರವಾಗಿ ಬಂತು. 2023ರಲ್ಲಿ ಕೂಡ ಅವರು ಅದೇ ಹಳದಿ ಕೋಟು ತೊಟ್ಟು ಅಮೆರಿಕದ ದೂರದರ್ಶನ ವಾಹಿನಿಯೊಂದರಲ್ಲಿ ಟ್ರೇಸಿಯಾಗಿ ಕಾಣಿಸಿಕೊಂಡರು, 85ರ ವಯಸ್ಸಿನಲ್ಲಿ.

ಮೊದಲ ಸಲ ನೋಡುವವರಿಗೆ ನನ್ನ ಕೋರಿಕೆ ಇಷ್ಟೇ: ಮೊಬೈಲಿನಲ್ಲಿ ನೋಡಬೇಡಿ, ನಿಮ್ಮ ಮನೆಯಲ್ಲಿರುವ ಅತಿ ದೊಡ್ಡ ತೆರೆಯಲ್ಲಿ, ದೀಪ ಆರಿಸಿ ನೋಡಿ. ಮುಂದಿನ ವಿಡಿಯೊಗೆ ಗೌಲ್ಡ್ ಕೊನೆಯವರೆಗೂ ಬದುಕಿದ್ದ, ಇಲಿನಾಯ್ ರಾಜ್ಯದ ವುಡ್‌ಸ್ಟಾಕ್ ಊರಿಗೆ ಹೋಗುತ್ತಿದ್ದೇನೆ. ಫ್ಲಾಟ್‌ಟಾಪ್‌ನ ಪೂರ್ತಿ ಕಥೆಯನ್ನು ಅಲ್ಲಿಂದ ಹೇಳುತ್ತೇನೆ.