ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ

ಕೇಳುಗರಿಗೆ ನಮಸ್ಕಾರ. ಕಾಫಿ ಮುಗಿಸಿ, ಪೇಪರ್ ಮಡಿಚಿಟ್ಟು, ರೇಡಿಯೊ ಪಕ್ಕ ಕುಳಿತಿರುವ ಅರವತ್ತು ದಾಟಿದವರ ಜೊತೆ ನನ್ನ ಮಾತು. ಮಕ್ಕಳು, ಸೊಸೆಯಂದಿರು ಕಿವಿಗೊಟ್ಟರೆ ಬೇಡ ಅನ್ನುವುದಿಲ್ಲ.

ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡುವ ಎಪ್ಪತ್ತರ ಯಜಮಾನರನ್ನು ನಿಲ್ಲಿಸಿ, 'ಒಳಗೊಳಗೆ ನಿಮಗೆ ಎಷ್ಟು ವಯಸ್ಸು ಅನ್ನಿಸುತ್ತದೆ?' ಅಂತ ಕೇಳಿ ನೋಡಿ. ಐವತ್ತೈದು, ಐವತ್ತಾರು ಅಂತಾರೆ. ಡೆನ್ಮಾರ್ಕಿನಲ್ಲಿ ಜನರನ್ನು ಇದನ್ನೇ ಕೇಳಿ 2006ರಲ್ಲಿ ಪ್ರಕಟಿಸಿದ್ದಾರೆ. ನಲವತ್ತು ದಾಟಿದವರು ತಾವು ಸುಮಾರು ಶೇಕಡಾ 20ರಷ್ಟು ಚಿಕ್ಕವರು ಅಂದುಕೊಂಡಿರುತ್ತಾರೆ. ಇದೇ ಯಜಮಾನರು ಕಲ್ಲುಬೆಂಚಿನಲ್ಲಿ ಕುಳಿತವರನ್ನು ತೋರಿಸಿ 'ಪಾಪ, ವಯಸ್ಸಾದವರು' ಅಂತಾರೆ. ಬೆಂಚಿನವರು ಇವರಿಗಿಂತ ಎರಡು ವರ್ಷ ಚಿಕ್ಕವರೇ ಇರಬಹುದು!

ಆದರೆ ಮೈಗೆ ಏನಾದರೂ ಆಗಲಿ, ಈ ಐವತ್ತಾರರ ಯಜಮಾನರು ಒಂದೇ ರಾತ್ರಿಯಲ್ಲಿ ತೊಂಬತ್ತಕ್ಕೆ ಹೋಗಿಬಿಡುತ್ತಾರೆ. ಮಂಡಿನೋವಾ? ವಯಸ್ಸಾಯ್ತು. ತಲೆಸುತ್ತಾ? ವಯಸ್ಸಾಯ್ತು. ನಿದ್ದೆ ಇಲ್ವಾ? ವಯಸ್ಸಾಯ್ತು. ನಾನು ಹೇಳಲು ಬಂದಿರುವುದು ಇಷ್ಟೇ. ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ.

ಹನುಮಂತನಗರದ ಕಡೆಯ ಒಬ್ಬ ರಿಟೈರ್ಡ್ ಮೇಡಂ. ಹೆಸರು ಬೇಡ. ಭಜನಾ ಮಂಡಳಿಯಲ್ಲಿ ಇವರದೇ ದೊಡ್ಡ ಗಂಟಲು. ಇದ್ದಕ್ಕಿದ್ದಂತೆ ಹೋಗುವುದನ್ನು ನಿಲ್ಲಿಸಿದರು. ಮನೆಯಲ್ಲೂ ಮಾತು ಕಡಿಮೆ. ಕೇಳಿದ್ದಕ್ಕೆ ಏನೇನೋ ಉತ್ತರ. ಮಗ ಮರೆವಿನ ಕಾಯಿಲೆ ಅಂತ ಹೆದರಿ ನನ್ನ ಕ್ಲಿನಿಕ್ಕಿಗೆ ಕರೆದುಕೊಂಡು ಬಂದರು. ನಾನು ಅಮ್ಮನನ್ನು ಕೇಳಿದರೆ ಉತ್ತರ ಮಗನದು. ಊಟ ಸೇರುತ್ತಾ ಅಂದರೂ ಮಗನೇ! ಕೊನೆಗೆ, 'ಸ್ವಲ್ಪ ಆಚೆ ಕೂತ್ಕೊಳ್ಳಿ ಸಾರ್' ಅಂದೆ. ಫ್ಯಾನ್ ನಿಲ್ಲಿಸಿದೆ. ಎದುರಿಗೆ ಕುರ್ಚಿ ಎಳೆದುಕೊಂಡು ನಿಧಾನವಾಗಿ ಮಾತಾಡಿದೆ. ಆಯಮ್ಮ ಎಲ್ಲಕ್ಕೂ ಟಕಟಕ ಅಂತ ಸರಿಯಾದ ಉತ್ತರ ಕೊಟ್ಟರು. ತೊಂದರೆ ಇದ್ದದ್ದು ಕಿವಿಯಲ್ಲಿ. ಒಂದರಲ್ಲಿ ಗುಗ್ಗೆಯೂ ಗಟ್ಟಿಯಾಗಿ ಕೂತಿತ್ತು.

ಕಿವಿ ಮಂದವಾಗುವಾಗ ಮೊದಲು ಹೋಗುವುದು ಸ, ಶ, ಚ ಥರದ ಸಣ್ಣ ಶಬ್ದಗಳು. ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. 'ಸಾರು ಬೇಕಾ' ಅಂದರೆ 'ಯಾರು ಬೇಕಾ' ಅಂತ ಕೇಳಿಸುತ್ತದೆ. ಪಾಪ, ಸೊಸೆ ಮುಖ ಗಂಟಿಕ್ಕಿಕೊಂಡು ಏನೋ ಗೊಣಗುತ್ತಾಳೆ ಅಂತ ಇವರು ನೊಂದುಕೊಂಡಿದ್ದರು.

ಮಷಿನ್ ಕೊಡಿಸಿದರು. ಮತ್ತೆ ಬಂದಾಗ ನೋಡಿದರೆ ಕಿವಿ ಖಾಲಿ! ಎಲ್ಲಿ ಮೇಡಂ? ಬೀರುವಿನಲ್ಲಿ. ಯಾಕೆ? 'ಹಾಕ್ಕೊಂಡ್ರೆ ಮುದುಕಿ ಅಂತಾರೆ.' ನನಗೆ ರೇಗಿತು, ಸುಳ್ಳು ಯಾಕೆ ಹೇಳಲಿ. 'ಮೂಗಿನ ಮೇಲೆ ಚಾಳೀಸು ಇದೆಯಲ್ಲ, ಅದು ಬಂದಾಗ ಏನು ಮಾಡಿದ್ರಿ? ಓದೋದು ಬಿಟ್ರಾ?' ನಕ್ಕುಬಿಟ್ಟರು. ಈಗ ಭಜನೆಗೆ ಹೋಗುತ್ತಿದ್ದಾರೆ. ಮಿಕ್ಸಿ ಸದ್ದು ಜಾಸ್ತಿ ಅಂತ ಸೊಸೆಗೆ ದೂರು ಬೇರೆ!

ಕಿವಿ ಮಂದವಾಗುವುದು ವಯಸ್ಸಿನಿಂದಲೇ ಅಲ್ವಾ ಅಂತ ನೀವು ಕೇಳಬಹುದು. ಇರಬಹುದು. ಹಾಗಂತ ಸುಮ್ನೆ ಕೂರಬೇಕಾ?

ಹಾಗೆ ಅಂದುಕೊಂಡು ಕೂತರೆ ಆಯಸ್ಸಿಗೇ ಪೆಟ್ಟು ಬೀಳಬಹುದು. ಅಮೆರಿಕದ ಒಹಾಯೊದ ಒಂದು ಊರಿನಲ್ಲಿ 1975ರಲ್ಲಿ, ಐವತ್ತು ದಾಟಿದವರನ್ನು 'ವಯಸ್ಸಾದಂತೆ ನೀವು ಉಪಯೋಗಕ್ಕೆ ಬಾರದವರಾಗುತ್ತೀರಾ' ಅಂತೆಲ್ಲ ಕೇಳಿದ್ದರು. ಅವರಲ್ಲಿ 660 ಜನರ ಲೆಕ್ಕವನ್ನು ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ 2002ರಲ್ಲಿ ಪ್ರಕಟಿಸಿದರು. ತಮ್ಮ ವಯಸ್ಸಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಉಳಿದವರಿಗಿಂತ ಏಳೂವರೆ ವರ್ಷ ಜಾಸ್ತಿ ಬದುಕಿದ್ದರು. ಏಳೂವರೆ ವರ್ಷ ಸ್ವಾಮಿ! ಯಾವ ಟಾನಿಕ್ ಕೊಡುತ್ತದೆ?

ಗಾಜಿನ ಆಚೆಯಿಂದ ಟೈಮ್ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಮರೆವು ಬಿ12 ಕಡಿಮೆ ಆದರೂ ಬರುತ್ತದೆ, ಥೈರಾಯ್ಡ್‌ನಿಂದಲೂ ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿ. ತಲೆಸುತ್ತು ಬಿಪಿ ಮಾತ್ರೆಯಿಂದ ಇರಬಹುದು. ಡಾಕ್ಟರನ್ನು ಕೇಳಿ, ನೀವೇ ನಿಲ್ಲಿಸಬೇಡಿ. ಕಾಲಿನ ಶಕ್ತಿ ಯಾವ ವಯಸ್ಸಿನಲ್ಲೂ ಬರುತ್ತದೆ. ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನವರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು, ಶಕ್ತಿ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. 1990ರಲ್ಲೇ ಪ್ರಕಟವಾದ ವಿಷಯ ಇದು. ನೀವು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರು ಮಾಡಿ, ಪಕ್ಕದಲ್ಲಿ ಯಾರಾದರೂ ಇರಲಿ. ಡಾಕ್ಟರ್ ಹತ್ತಿರ ಹೋದಾಗ ನಿಮ್ಮ ಮಾತು ನೀವೇ ಆಡಿ. ಹಿರಿಯರ ಸಹಾಯವಾಣಿ 14567, ದುಡ್ಡು ಕೊಡಬೇಕಾಗಿಲ್ಲ. ಇನ್ನೊಂದು ಸಲ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ಐದು, ಆರು, ಏಳು. ನಮಸ್ಕಾರ.