ಕೊಕ್ಕೆತಾತಿಯ ಕೆಂಪು ಎಲ್ಲಿಂದ ಬಂತು?

ಮಡಿಕೇರೀಲಿ ಮಳೆ ಹಿಡಿದುಬಿಟ್ಟಿದೆ. ಆಡಿಯೋದಲ್ಲಿ ಸರ್ರ್ ಅಂತಿರೋದು ಅದೇ, ಮೈಕ್ ಕೆಟ್ಟಿಲ್ಲ.

ಸ್ಕ್ರೀನ್ ಮೇಲೆ ಕಾಣ್ತಿರೋದು ಅಕ್ಕಸಾಲಿಗರ ಮೇಜು, ರಿಪೇರಿಗೆ ಬಂದ ಹಳೇ ಕೊಕ್ಕೆತಾತಿ, ಅಂದ್ರೆ ಕೊಡವ ಹೆಣ್ಣುಮಕ್ಕಳ ಕುತ್ತಿಗೆಯ ಒಡವೆ. ಅರ್ಧಚಂದ್ರದ ಪದಕ, ತುಂಬಾ ಕೆಂಪು ಕಲ್ಲು. ಒಂದು ಕಲ್ಲು ಬಿಚ್ಚಿದ್ರು, ಗುಳಿಯೊಳಗೆ ನೋಡಿ, ಮಿರುಗೋ ತೆಳು ತಗಡು. ಬಿದ್ದ ಬೆಳಕನ್ನ ಅದು ವಾಪಸ್ ಎಸೆಯುತ್ತೆ, ಪೇಲವ ಕಲ್ಲೂ ಕಡುಗೆಂಪಾಗಿ ಕಾಣುತ್ತೆ. ಕಲ್ಲಿನ ಬಣ್ಣ ಏರಿಸೋ ಕಸುಬು ಹೊಸದೇನಲ್ಲ ಬಿಡಿ. ಅದಕ್ಕೇ ಇಂಥ ಒಡವೇನ ಸೋಪ್ ನೀರಲ್ಲಿ ನೆನೆಸಬೇಡಿ. ನೀರು ಒಳಗಿಳಿದ್ರೆ ತಗಡು ಕಪ್ಪಾಗಿ ಕಲ್ಲೂ ಮಂಕಾಗುತ್ತೆ.

ಈಗ ಮಾರುಕಟ್ಟೆಗೆ ಬರೋ ಮಾಣಿಕ್ಯ, ನೀಲದಲ್ಲಿ ಹೆಚ್ಚಿನವು ಬೆಂಕಿ ಕಂಡಿರೋವೇ. ಶ್ರೀಲಂಕಾದ ಗ್ಯೂಡಾ ಕಲ್ಲು ನೀಲದ ಜಾತಿಯದೇ, ಆದ್ರೆ ಹಾಲಿನ ಹಾಗೆ ಮಬ್ಬು, ಮೊದಲು ಅದಕ್ಕೆ ಬೆಲೆಯೇ ಇರ್ಲಿಲ್ಲ. 1970ರ ದಶಕದಲ್ಲಿ ಥಾಯ್ಲೆಂಡಿನವರು ಅದನ್ನ 1500 ಡಿಗ್ರಿಗೂ ಮೇಲೆ ಕಾಯಿಸೋಕೆ ಶುರುಮಾಡಿದ್ರು. ಒಳಗಿದ್ದ ರೂಟೈಲ್ ಅನ್ನೋ ಖನಿಜ ಕರಗಿ, ಅದರ ಟೈಟಾನಿಯಂ ಕಲ್ಲಲ್ಲೇ ಇದ್ದ ಕಬ್ಬಿಣದ ಜೊತೆ ಜೋಡಿಯಾಗಿ ನೀಲಿ ಎದ್ದುಬಂತು. ಆ ಬಣ್ಣ ಮಾಸಲ್ಲ. ಹೇಳಿ ಮಾರಿದ್ರೆ ನನ್ನದೇನೂ ತಕರಾರಿಲ್ಲ. ಗಾಢ ನೀಲಿ ಟೋಪಾಜ್‌ಗೆ ವಿಕಿರಣ ಹಾಯಿಸಿರ್ತಾರೆ, ಪಚ್ಚೆಯ ಬಿರುಕಿಗೆ ಎಣ್ಣೆ ಕುಡಿಸಿರ್ತಾರೆ. ಎಣ್ಣೆ ಒಣಗಿದ್ರೆ ಬಿರುಕು ಮತ್ತೆ ಕಾಣುತ್ತೆ, ಅಷ್ಟೇ.

ಸಿಟ್ಟು ಬರೋದು ಸೀಸದ ಗಾಜು ತುಂಬಿದ ಮಾಣಿಕ್ಯ ನೋಡಿದ್ರೆ. ಇದು ಹರಡಿದ್ದು 2004ರಿಂದ ಈಚೆಗೆ. ಬಿರುಕು ಬಿಟ್ಟ ಕಳಪೆ ಕಲ್ಲಿಗೆ ಗಾಜು ಕರಗಿಸಿ ಇಳಿಸ್ತಾರೆ. ಲೆನ್ಸ್ ಕೆಳಗೆ ಈ ಕಲ್ಲನ್ನ ನಿಧಾನಕ್ಕೆ ತಿರುಗಿಸ್ತೀನಿ... ಅಲ್ಲಿ, ಬಿರುಕಿನುದ್ದಕ್ಕೂ ನೀಲಿ ಮಿಂಚು ಹಾದುಹೋಯ್ತಲ್ಲ? ಪಕ್ಕದಲ್ಲೇ ಗುಂಡನೆ ಗಾಳಿಗುಳ್ಳೆ. ಬೆಸುಗೆಯ ಉರಿ ತಾಗಿದ್ರೆ ಇದರ ಕಥೆ ಮುಗೀತು. ನಿಂಬೆರಸ ಕೂಡ ಆ ಗಾಜನ್ನ ತಿನ್ನುತ್ತೆ. ನಮ್ಮ ಕೊಡಗಿನ ಅಡುಗೆಯ ಕಪ್ಪು ಹುಳಿರಸ ಕಾಚಂಪುಳಿ ಹಾಕಿ ನೋಡೋಣ್ವಾ ಅಂತ ಕೇಳಿದೆ, ಅಕ್ಕಸಾಲಿಗರು ನಕ್ಕು ಕಲ್ಲನ್ನ ಒಳಗಿಟ್ಟುಬಿಟ್ರು.

ಕೊಕ್ಕೆತಾತಿಗೆ ಹಿಂಬದಿ ಮುಚ್ಚಿರುತ್ತೆ, ಕೂರಿಸಿದ ಮೇಲೆ ಎದುರಿನಿಂದ ನೋಡಿದ್ದಷ್ಟೇ. ಮದುವೆಗೆ ಹೊಸದು ಮಾಡಿಸೋರು ಕಲ್ಲು ಬಿಡಿಯಾಗಿರುವಾಗಲೇ ಲೆನ್ಸ್ ಕೇಳಿ, ದೊಡ್ಡ ಕಲ್ಲಾದ್ರೆ ಲ್ಯಾಬ್ ರಿಪೋರ್ಟ್ ಕೇಳಿ, ಬಿಲ್ಲಲ್ಲಿ ಕಾಯಿಸಿದ್ದಾ, ಗಾಜು ತುಂಬಿದ್ದಾ ಅಂತ ಬರೆಸಿಕೊಳ್ಳಿ.

ಹಾಗಾದ್ರೆ ನಮ್ಮ ಕೊಡಗಿನ ಹರಳುಕಲ್ಲು? ಅದು ಮಾಣಿಕ್ಯ ಅಲ್ಲ, ಗಾರ್ನೆಟ್ ಅನ್ನೋ ಬೇರೆ ಕಲ್ಲು, ಸಾಮಾನ್ಯವಾಗಿ ಯಾರೂ ಕಾಯಿಸಲ್ಲ. ಹಾಗಂತ ತಲಕಾವೇರಿ ಕಡೆಯ ಕಾಡಲ್ಲಿ ಕದ್ದು ಅಗೆದದ್ದನ್ನ ಯಾರಾದ್ರೂ ಜೇಬಿನಿಂದ ತೆಗೆದು ತೋರಿಸಿದ್ರೆ ಕೈಚಾಚಬೇಡಿ. ಕಲ್ಲು ಅಸಲಿಯೇ ಇರಬಹುದು, ಕೇಸೂ ಅಸಲಿಯೇ ಆಗುತ್ತೆ.